ಹೇಸರಗತ್ತೆ ಅವನಿಗೆ, ಬಯಲು ಅವಳಿಗೆ

ನೆಡ್ರಾ ಮತ್ತು ಎಲ್ಡನ್ ಬೇರೆಯಾದಾಗ ಮನೆ, ಟ್ರಕ್ಕು, ಮಾಂಸ ತುಂಬಿಡುವ ದೊಡ್ಡ ಫ್ರೀಜರು ಎಲ್ಲವೂ ವಕೀಲರ ಮುಂದೆ ಹಂಚಿಕೆಯಾದವು. ವಕೀಲರಿಗೆ ತಿಳಿಯದ ಇನ್ನೊಂದು ಹಂಚಿಕೆ ನಡೆದದ್ದು ಕೋರ್ಟಿನ ಹೊರಗೆ, ಗಾಡಿ ನಿಲ್ಲಿಸುವ ಜಾಗದಲ್ಲಿ. ಬೆಟ್ಟಕ್ಕೆ ಸಾಮಾನು ಹೊರುವ ಹೇಸರಗತ್ತೆಗಳು ಎಲ್ಡನ್‌ಗೆ. ಬ್ರೆಸ್ಲಿನ್ ಹಳ್ಳ ಹುಟ್ಟುವ ತಲೆಯ ಮೇಲಿರುವ ಬಯಲು ನೆಡ್ರಾಗೆ.

ಬಯಲು ಸರ್ಕಾರದ್ದು, ಅದನ್ನು ಹಂಚಿಕೊಳ್ಳಲು ಇವರ್ಯಾರು ಎಂದು ಕೇಳಬಹುದು. ಹಾರ್ಲೋ ಊರಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಅಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುವ ಪ್ರತಿ ಮನೆಗೂ ಒಂದು ಜಾಗವಿದೆ. ಅದನ್ನು ಹೊರಗಿನವರಿಗೆ ಹೇಳುವುದಿಲ್ಲ, ಹೇಳಿಸಿಕೊಂಡವನು ಇನ್ನೊಬ್ಬನಿಗೆ ಬಾಯಿ ಬಿಡುವುದಿಲ್ಲ. ಆ ಬಯಲನ್ನು ಕಂಡುಕೊಂಡದ್ದು ನೆಡ್ರಾಳ ಅಪ್ಪ. ಮಗಳಿಗೆ ತೋರಿಸಿದ್ದ, ಆಮೇಲೆ ಅಳಿಯನಿಗೂ ತೋರಿಸಿದ್ದ.

"ಹಳ್ಳಕ್ಕೆ ಬಂದು ಸೇರೋ ತೊರೆ ಇದೆಯಲ್ಲ, ಅದನ್ನ ನೀನು ದಾಟಬಾರದು" ಎಂದಿದ್ದಳು ನೆಡ್ರಾ ಅವತ್ತು.

"ದಾಟಲ್ಲ" ಎಂದಿದ್ದ ಎಲ್ಡನ್.

ಅವಳು ನಂಬಿರಲಿಲ್ಲ. ನಂಬುವುದಾದರೂ ಹೇಗೆ? ಎಲ್ಡನ್ ಮಾತು ಕೊಡುವುದರಲ್ಲಿ ದೊಡ್ಡ ಧಾರಾಳಿ. ಶನಿವಾರ ಬರುತ್ತೇನೆ ಎಂದರೆ ಮಂಗಳವಾರ ಬರುತ್ತಿದ್ದ. ಸೂರು ಸೋರುತ್ತದೆ ಎಂದರೆ ನಾಳೆ ಹತ್ತುತ್ತೇನೆ ಎನ್ನುತ್ತಿದ್ದ, ಆ ನಾಳೆಗಾಗಿ ಪಾತ್ರೆ ಇಟ್ಟುಕೊಂಡು ಒಂದು ಚಳಿಗಾಲವಿಡೀ ಕಾದವಳು ನೆಡ್ರಾ. ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದಳು. ಆದರೆ ಅಪ್ಪ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ, ಗುರುವಾರದೊಳಗೆ ಬಂದೇ ಬರುತ್ತೇನೆ ಎಂದು ಹೇಳಿ ಬೇಟೆಯವರನ್ನು ಕರೆದುಕೊಂಡು ಬೆಟ್ಟ ಹತ್ತಿದವನು, ಮಣ್ಣು ಮಾಡಿದ ಮೇಲೆ ಬಂದ. ಹಿಮ ಬಿತ್ತು ಎಂದ. ಹಿಮವೇನು ಅವನಿಗೆ ಹೊಸದೇ? "ಎಲ್ಡನ್ ಬಂದನಾ?" ಎಂದು ಅಪ್ಪ ಮತ್ತೆ ಮತ್ತೆ ಕೇಳಿದ್ದು ಅವಳ ಕಿವಿಯಲ್ಲಿ ಹಾಗೇ ಉಳಿಯಿತು. ಆ ವರ್ಷವೇ ಬೇರೆಯಾದರು.

ಅದಾಗಿ ಹನ್ನೊಂದು ವರ್ಷ. ಇಷ್ಟು ಕಾಲವೂ ಹಂಚಿಕೆಯಿಂದ ಅವಳಿಗೇನೂ ತೊಂದರೆಯಾಗಿರಲಿಲ್ಲ. ಕಾಡಿನ ರಸ್ತೆ ಬಯಲಿನ ಬುಡದವರೆಗೂ ಹೋಗುತ್ತಿತ್ತು. ಹೊಡೆದ ಪ್ರಾಣಿಯನ್ನು ಕೊಯ್ದು, ಇಳಿಜಾರಿನಲ್ಲಿ ಎಳೆದು ತಂದು ಟ್ರಕ್ಕಿಗೆ ಹಾಕಿದರೆ ಆಯಿತು. ಹೇಸರಗತ್ತೆ ಯಾರಿಗೆ ಬೇಕು? "ಅವನು ತಿನ್ನಿಸಿ ತಿನ್ನಿಸಿ ಸಾಯಲಿ" ಎಂದು ಅವಳು ಸ್ಕೂಲ್ ಬಸ್ಸು ಓಡಿಸುವ ಗೆಳತಿಯರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು. ಅವಳದೂ ಅದೇ ಕೆಲಸ.

ಈ ಸಲ ವಸಂತದಲ್ಲಿ ಹಿಮ ಒಮ್ಮೆಲೇ ಕರಗಿತು, ಮೇಲಿಂದ ಮಳೆಯೂ ಸುರಿಯಿತು, ಬ್ರೆಸ್ಲಿನ್ ಹಳ್ಳ ರಸ್ತೆಯನ್ನು ಕೊಚ್ಚಿಕೊಂಡು ಹೋಯಿತು. ಟಾರಿಲ್ಲದ ಆ ರಸ್ತೆ ನಡುವೆ ಒಂದು ಕಡೆ ಮಾಯವಾಗಿ, ಅಲ್ಲಿ ಆಳವಾದ ಕೊರಕಲು ಬಾಯ್ತೆರೆದು ಕೂತಿತು. ಆಚೆ ದಡದಲ್ಲಿ ರಸ್ತೆ ಮತ್ತೆ ಶುರುವಾಗುತ್ತಿತ್ತು, ಚೆನ್ನಾಗಿಯೇ ಇತ್ತು, ಆದರೆ ಅದರ ಮೇಲೆ ಓಡುವ ಗಾಡಿಗಳೆಲ್ಲ ಈಚೆ ದಡದಲ್ಲೇ ಉಳಿದವು. ಬೇಸಿಗೆಯಲ್ಲಿ ಅಧಿಕಾರಿಗಳು ಬಂದರು, ನೋಡಿದರು, ಅಡ್ಡ ಬಂಡೆ ಇಟ್ಟು ಹೋದರು. ಅಲ್ಲಿಂದ ಬಯಲಿಗೆ ಏರು ನಡಿಗೆ ಎಂದರೆ ಅರ್ಧ ದಿನಕ್ಕೂ ಹೆಚ್ಚು.

ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಂಚಿಕೆ ತಲೆಕೆಳಗಾಯಿತು. ಬಯಲು ಇದ್ದವಳಿಗೆ ಹೇಸರಗತ್ತೆ ಇಲ್ಲ, ಹೇಸರಗತ್ತೆ ಇದ್ದವನಿಗೆ ಬಯಲಿಲ್ಲ. ಬೇಟೆಯ ತಿಂಗಳು ಬರುವ ಹೊತ್ತಿಗೆ ಎಲ್ಡನ್ ಕೊರಕಲಿನ ದಡದಲ್ಲೇ ಡೇರೆ ಹಾಕಿ ಕೂತ. ಬೇಟೆಯವರ ಸಾಮಾನು ಆಚೆ ಸಾಗಿಸುವುದು, ಮಾಂಸ ಈಚೆ ತರುವುದು, ಅದೇ ಅವನ ದಂಧೆ. "ಈಗ ಹಳ್ಳದ ತಲೆವರೆಗೂ ಹೋಗೋಕಾಗೋದು ಎಲ್ಡನ್ ಒಬ್ಬನಿಗೇ" ಎಂದು ಊರಲ್ಲಿ ಮಾತಾಡಿಕೊಂಡರು. ಆ ಮಾತು ನೆಡ್ರಾಳನ್ನು ಮುಳ್ಳಿನಂತೆ ಚುಚ್ಚಿತು. ಅವನು ತೊರೆ ದಾಟಿದ್ದಾನೆ, ದಾಟದೇ ಇರಲು ಅವನೇನು ಎಲ್ಡನ್ ಅಲ್ಲವೇ? ಇದನ್ನು ಕಣ್ಣಾರೆ ಕಾಣಬೇಕು ಎಂದು, ಬಂದೂಕು ಬೆನ್ನಿಗೆ ಏರಿಸಿ ಒಂದು ಬೆಳಿಗ್ಗೆ ಹೊರಟೇಬಿಟ್ಟಳು. ಬೇಟೆ ನೆಪ. ಅಪ್ಪ ಸಾಯುವಾಗಲೂ ಉಳಿಯದ ಅವನ ಮಾತು ಈಗಲಾದರೂ ಉಳಿದಿದೆಯೇ ಎಂದು ನೋಡುವುದೇ ಅವಳ ಉದ್ದೇಶ.

ಕೊರಕಲಿನ ಹತ್ತಿರ ಎಲ್ಡನ್ ಕಾಫಿ ಕಾಯಿಸುತ್ತ ಕೂತಿದ್ದ. ಪಕ್ಕದಲ್ಲಿ ಮೆರ್ಲ್ ಎಂಬ ಮರದ ಕಾರ್ಖಾನೆಯ ಮುದುಕ, ಅವನ ಇಬ್ಬರು ಭಾವಮೈದುನರು, ಸರದಿಗಾಗಿ ಕಾಯುತ್ತಿದ್ದರು.

"ಒಬ್ಬಳೇನಾ?" ಎಂದ ಎಲ್ಡನ್.

"ಕಣ್ಣು ಕಾಣಲ್ವಾ?"

"ಕಾಣತ್ತೆ. ಸೊಂಟ ಹೆಂಗಿದೆ?"

"ನನ್ನ ಸೊಂಟ ಹಂಚಿಕೇಲಿ ನನಗೇ ಬಂತು. ನೀನ್ಯಾಕೆ ವಿಚಾರಿಸ್ತೀಯ?"

ಮೆರ್ಲ್ ಕಾಫಿ ನೆತ್ತಿಗೇರಿ ಕೆಮ್ಮಿದ. ಎಲ್ಡನ್ ಮಾತ್ರ ನಗಲಿಲ್ಲ. "ಹಗಲು ಸೆಖೆ ಇದೆ ಮಾರಾಯ್ತಿ. ಕೊರಕಲಿನ ಆಚೆ ಒಂಟಿಯಾಗಿ ಗಂಡು ಎಲ್ಕ್ ಹೊಡೀಬೇಡ. ಮಾಂಸ ಕೆಡೋದ್ರೊಳಗೆ ಹೊರೋಕಾಗಲ್ಲ" ಎಂದ.

"ನಿಂಗೆ ಬೇಟೆ ಕಲಿಸಿದ್ದು ನಮ್ಮಪ್ಪ. ನೀನು ನನಗೆ ಹೇಳಿಕೊಡ್ತೀಯಾ?" ಎಂದವಳೇ ಕೊರಕಲಿಗೆ ಇಳಿದಳು. ಕಲ್ಲಿನಿಂದ ಕಲ್ಲಿಗೆ ಕಾಲಿಡುವಾಗ ಸೊಂಟ ಚುಳ್ಳೆಂದಿತು. ಅವನು ನೋಡುತ್ತಿದ್ದಾನೆಂದು ಗೊತ್ತಿದ್ದರಿಂದ ಮುಖ ಕೂಡ ಕಿವುಚಲಿಲ್ಲ.

ಆ ರಸ್ತೆಯಲ್ಲಿ ನಡೆದು ಅವಳಿಗೆ ಅಭ್ಯಾಸವೇ ಇರಲಿಲ್ಲ. ಗಾಡಿಯಲ್ಲಿ ಕೂತು ನೋಡುತ್ತಿದ್ದ ತಿರುವುಗಳೆಲ್ಲ ಕಾಲಿಗೆ ಸಿಕ್ಕಾಗ ಉದ್ದವಾದವು. ಒಂದೇ ಬೇಸಿಗೆಯಲ್ಲಿ ಚಕ್ರದ ಜಾಡಿನ ನಡುವೆ ಹುಲ್ಲು ಮೊಣಕಾಲುದ್ದ ಎದ್ದಿತ್ತು. ಎಲ್ಕ್‌ಗಳು ರಾಜಬೀದಿಯಲ್ಲಿ ಓಡಾಡಿದ ಹಾಗೆ ರಸ್ತೆಯ ಮೇಲೇ ಓಡಾಡಿದ್ದವು, ಹೆಜ್ಜೆಗಳೂ ಹಿಕ್ಕೆಗಳೂ ಎಲ್ಲೆಲ್ಲೂ. ಅವುಗಳ ಜೊತೆಗೆ ಹೇಸರಗತ್ತೆಗಳ ಕಿರಿದಾದ ಗೊರಸಿನ ಗುರುತು. ನೆಡ್ರಾ ನೆಲ ನೋಡುತ್ತಲೇ ನಡೆದಳು. ಗುರುತುಗಳು ಮುಂದೆ ಮುಂದೆ ಹೋದಷ್ಟೂ ಅವಳ ಸಿಟ್ಟೂ ಏರುತ್ತಿತ್ತು, ಹಾಗೆಯೇ ಒಂದು ಬಗೆಯ ಸಮಾಧಾನವೂ. ನಾನು ಹೇಳಿದ್ದೇ ಸರಿ ಎಂದಾಗುವ ಸಮಾಧಾನ ಅದು, ಒಳ್ಳೆಯದೇನಲ್ಲ.

ಸಂಜೆಗೆ ತೊರೆ ಸಿಕ್ಕಿತು. ಗೊರಸಿನ ಗುರುತುಗಳು ತೊರೆಯ ಈಚೆ ದಡಕ್ಕೆ ಬಂದು, ಎಡಕ್ಕೆ ತಿರುಗಿ, ಬೇರೆ ಬೆಟ್ಟದ ಕಡೆ ಹೋಗಿದ್ದವು. ಆಚೆ ದಡದಲ್ಲಿ ಒಂದೂ ಇರಲಿಲ್ಲ. ಅವಳು ತೊರೆ ದಾಟಿ ಹುಡುಕಿದಳು, ಮೇಲೆ ಕೆಳಗೆ ಓಡಾಡಿ ಹುಡುಕಿದಳು. ಕಳೆದುಕೊಂಡದ್ದನ್ನು ಹುಡುಕುವವರಿಗೂ ಇಷ್ಟು ಹಟ ಇರುವುದಿಲ್ಲ. ಹೇಸರಗತ್ತೆಯ ಲದ್ದಿ ಇಲ್ಲ, ಕಡಿದ ಕೊಂಬೆ ಇಲ್ಲ, ಬೆಂಕಿ ಹಾಕಿದ ಕಲೆ ಇಲ್ಲ. ಬಯಲಿಗೆ ಮನುಷ್ಯರು ಬಂದೇ ಇರಲಿಲ್ಲ. ಸಂತೋಷವಾಗಬೇಕಿತ್ತು, ಆದರೆ ಆದದ್ದು ಪೆಚ್ಚು. ಅಪ್ಪ ಯಾವಾಗಲೂ ಮಲಗುತ್ತಿದ್ದ ದೇವದಾರು ಮರದ ಬುಡದಲ್ಲಿ ತಾರ್ಪಾಲು ಕಟ್ಟಿ, ಒಣಮಾಂಸ ಜಗಿದು ಮಲಗಿಬಿಟ್ಟಳು.

ಬೆಳಿಗ್ಗೆ ಎದ್ದು ವಾಪಸು ಹೊರಡುವ ಯೋಚನೆಯೇ ಇತ್ತು. ಒಂಟಿಯಾಗಿ, ನಡೆದು ಬಂದಿರುವ ಜಾಗದಲ್ಲಿ, ಬಿಸಿಲಿನ ದಿನಗಳಲ್ಲಿ ಹೊಡೆಯಬಾರದು. ಇದು ಹಾರ್ಲೋದಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಅಷ್ಟರಲ್ಲಿ ಮಂಜಿನೊಳಗಿಂದ ಗಂಡು ಎಲ್ಕ್ ಒಂದು ಹೊರಬಂದು ಬಯಲಿನ ನಡುವೆ ನಿಂತು ಕೂಗಿತು. ಕವಲುಗೊಂಬು ಬೆನ್ನಿನವರೆಗೆ ಬಾಗಿತ್ತು. ರಸ್ತೆ ಇದ್ದ ಕಾಲದಲ್ಲಿ ಅಂಥದ್ದು ಈ ಬಯಲಿಗೆ ಹಗಲು ಬರುತ್ತಲೇ ಇರಲಿಲ್ಲ. ಚಿಕ್ಕಂದಿನಿಂದ ಕಲಿತ ಕೈ, ಯಾರ ಮಾತನ್ನೂ ಕೇಳಲಿಲ್ಲ. ಬಂದೂಕು ಭುಜಕ್ಕೆ ಬಂದದ್ದೂ ಉಸಿರು ಹಿಡಿದದ್ದೂ ಅವಳಿಗೆ ತಿಳಿಯುವ ಮೊದಲೇ ಆಗಿಹೋಯಿತು. ಎಲ್ಕ್ ನಾಲ್ಕು ಹೆಜ್ಜೆ ನಡೆದು ಮೊಣಕಾಲೂರಿ ಬಿತ್ತು.

"ಅಯ್ಯೋ ನನ್ನ ಕರ್ಮವೇ" ಎಂದಳು ನೆಡ್ರಾ, ಬಂದೂಕು ಕೆಳಗಿಟ್ಟು.

ಹತ್ತಿರ ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಕ್ಷಣ ಹೊತ್ತು ಕೂತಳು. ಆಮೇಲೆ ತೋಳು ಮಡಿಸಿ ಕೆಲಸಕ್ಕಿಳಿದಳು. ಚರ್ಮ ಬಿಡಿಸಿ, ಎರಡು ತೊಡೆ ಎರಡು ಮುಂಗಾಲು ಬೇರೆ ಮಾಡಿ, ಬಟ್ಟೆಯ ಚೀಲಗಳಲ್ಲಿ ತುಂಬಿ, ಒಂದೊಂದನ್ನೂ ಎಳೆದು ತಂದು, ಅಪ್ಪ ಹೇಳಿಕೊಟ್ಟಂತೆ ತೊರೆಯ ನೀರಿನ ಮೇಲಿನ ತಣ್ಣನೆ ಗಾಳಿ ಬೀಸುವ ನೆರಳಿನಲ್ಲಿ ಹಗ್ಗ ಹಾಕಿ ತೂಗುಬಿಟ್ಟಳು. ಮುಗಿಯುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಬೆವರು ಒರೆಸಿಕೊಂಡು ಲೆಕ್ಕ ಹಾಕಿದಳು. ಬೆನ್ನ ಮೇಲೆ ಹೊತ್ತರೆ ಹೋಗಿ ಬರುವುದಕ್ಕೇ ದಿನಗಳು ಬೇಕು. ಮಾಂಸ ನಾಳೆ ಮಧ್ಯಾಹ್ನ ದಾಟಿದರೆ ಮೂಳೆಯ ಹತ್ತಿರ ಹುಳಿ ಹಿಡಿಯುತ್ತದೆ. ಕರಡಿ ಬೇರೆ ಇದೆ. ಹೊಡೆದ ಮಾಂಸವನ್ನು ಕೊಳೆಯಲು ಬಿಟ್ಟವರನ್ನು ಕಾನೂನೂ ಬಿಡುವುದಿಲ್ಲ, ಆದರೆ ಅವಳಿಗೆ ಹೆದರಿಕೆ ಕಾನೂನಿನದಲ್ಲ. ಒಂದು ಜೀವ ತೆಗೆದು ಅದನ್ನು ನೊಣಗಳಿಗೆ ಬಿಟ್ಟು ಬಂದವಳು ಅಪ್ಪನ ಹೆಸರು ಹೇಳಿಕೊಂಡು ಆ ಊರಲ್ಲಿ ಹೇಗೆ ತಲೆಯೆತ್ತಿ ಓಡಾಡುವುದು? ದಾರಿ ಒಂದೇ ಇತ್ತು. ಅದನ್ನು ಯೋಚಿಸಿಯೇ ಅವಳ ಬಾಯಿ ಕಹಿಯಾಯಿತು. ಬೆನ್ನುಮಾಂಸವನ್ನಷ್ಟು ಚೀಲಕ್ಕೆ ತುಂಬಿಕೊಂಡು ಕೆಳಗಿಳಿದಳು.

ಕೊರಕಲು ತಲುಪಿದಾಗ ಕತ್ತಲಾಗುವುದರಲ್ಲಿತ್ತು. ಎಲ್ಲರೂ ಬೆಂಕಿಯ ಸುತ್ತ ಹುರುಳಿಕಾಯಿ ಸಾರು ಊಟ ಮಾಡುತ್ತಿದ್ದರು. ಅವಳ ಅಂಗಿಯ ಮೇಲಿನ ರಕ್ತ ನೋಡಿ ಮೆರ್ಲ್ ಹುಬ್ಬೇರಿಸಿದ. ನೆಡ್ರಾ ನೇರ ಎಲ್ಡನ್ ಮುಂದೆ ಹೋಗಿ ನಿಂತಳು.

"ಗಂಡು ಹೊಡೆದೆ."

"ಹ್ಞೂಂ."

"ಹ್ಞೂಂ ಅಂದ್ರೆ? ಬಯ್ಯಬೇಕು ಅನ್ನಿಸಿದ್ರೆ ಬಯ್ದುಬಿಡು. ಆಮೇಲೆ ಬೆಳಗಾಗೋ ಮೊದಲು ಹೇಸರಗತ್ತೆ ಹೊರಡಿಸು."

"ಎಲ್ಲಿ?"

"ಎಲ್ಲಿ ಅಂತ ಗೊತ್ತು ನಿನಗೆ."

ಎಲ್ಡನ್ ತಟ್ಟೆ ಕೆಳಗಿಟ್ಟ. "ಅಲ್ಲಿಗೆ ನಾನು ಬರಲ್ಲ" ಎಂದ.

ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಳು ಅವಳು. ನಾಲ್ಕು ಜನರ ಮುಂದೆ ಕೈಮುಗಿಸಿಕೊಳ್ಳಬೇಕೆಂಬ ಆಸೆ ಅವನಿಗೆ. "ನನ್ನ ಮೇಲಿನ ಸಿಟ್ಟನ್ನ ಮಾಂಸದ ಮೇಲೆ ತೀರಿಸ್ಬೇಡ ಎಲ್ಡನ್. ನಿನ್ನ ಕಾಲು ಹಿಡೀಬೇಕಾ? ಹಿಡೀತೀನಿ" ಎಂದಳು.

"ಸಿಟ್ಟಲ್ಲ ಮಾರಾಯ್ತಿ. ತೊರೆ ದಾಟಲ್ಲ ಅಂತ ಮಾತು ಕೊಟ್ಟಿದ್ದೀನಲ್ಲ." ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. "ತೊರೆವರೆಗೂ ಬರ್ತೀನಿ. ಅಲ್ಲಿಂದ ನೀನು ಹೇಸರಗತ್ತೆ ಹೊಡ್ಕೊಂಡು ಹೋಗು. ಅವೇನೂ ಮಾತು ಕೊಟ್ಟಿಲ್ಲ."

ಮೆರ್ಲ್ ಗೊಣಗಿದ: "ನಾಳೆ ನಮ್ಮ ಸರದಿ ಅಲ್ವೇನಯ್ಯಾ?"

"ಮಾಂಸ ಕಾಯಲ್ಲ. ನೀವು ಕಾಯ್ತೀರಿ" ಎಂದು ಎಲ್ಡನ್ ಜೀನು ನೋಡಲು ಎದ್ದುಹೋದ.

ನಡುರಾತ್ರಿ ಕಳೆಯುತ್ತಲೇ ಹೊರಟರು. ಎಲ್ಡನ್ ತನ್ನ ಸವಾರಿ ಕುದುರೆಯನ್ನು ಅವಳಿಗೆ ಕೊಟ್ಟು ತಾನು ನಡೆದ. ಅವಳು ಬೇಡ ಎನ್ನಲಿಲ್ಲ, ಸೊಂಟದಲ್ಲಿ ಬೇಡ ಎನ್ನುವ ತ್ರಾಣವೇ ಉಳಿದಿರಲಿಲ್ಲ.

"ನೀನು ಕದ್ದು ಬಯಲಿಗೆ ಹೋಗಿದ್ದೀಯ ಅಂತ ಹಿಡಿಯೋಕೇ ಬಂದಿದ್ದು ನಾನು" ಎಂದಳು ಅರ್ಧ ದಾರಿಯಲ್ಲಿ. ಸುಳ್ಳು ಹೊತ್ತುಕೊಂಡು ಅವನ ಕುದುರೆಯ ಮೇಲೆ ಕೂರುವುದು ಅವಳಿಂದಾಗಲಿಲ್ಲ.

"ಗೊತ್ತು. ಬೇಟೆಗೆ ಹೋಗೋರು ಬೆಟ್ಟ ನೋಡ್ತಾರೆ. ನೀನು ಮೊನ್ನೆ ಕೊರಕಲು ದಾಟಿದ್ದೇ ತಡ, ಸೂಜಿ ಕಳ್ಕೊಂಡೋಳ ಹಾಗೆ ನೆಲ ನೋಡ್ತಾ ಹೋದೆ."

"ಮತ್ತೆ ಸುಮ್ಮನಿದ್ದೆ?"

"ನೋಡ್ಕೊಂಡು ಬರಲಿ ಅಂತ."

ತೊರೆಯ ದಡದಲ್ಲಿ ಅವನು ನಿಂತುಬಿಟ್ಟ. ನಿಜಕ್ಕೂ ನಿಂತ. ಹಗ್ಗ ಅವಳ ಕೈಗೆ ಕೊಟ್ಟು, ಬಂಡೆಯೊಂದರ ಮೇಲೆ ಬೆನ್ನು ಬಯಲಿನ ಕಡೆ ತಿರುಗಿಸಿ ಕೂತ. ನೆಡ್ರಾ ಹೇಸರಗತ್ತೆಗಳನ್ನು ನೀರಿಗಿಳಿಸಿದಳು. ಮಾಂಸ ತೂಗುಹಾಕಿದ ಜಾಗ ಅಲ್ಲಿಂದ ಕೂಗಳತೆಯಷ್ಟು ದೂರ. ಚೀಲಗಳು ಹಾಗೇ ಇದ್ದವು, ಕರಡಿ ಬಂದಿರಲಿಲ್ಲ, ಮುಟ್ಟಿದರೆ ಇನ್ನೂ ತಣ್ಣಗಿತ್ತು. ಆದರೆ ಬಿಸಿಲು ಆಗಲೇ ಮರದ ತುದಿಯಿಂದ ಇಳಿಯತೊಡಗಿತ್ತು.

ಮುಂಗಾಲುಗಳನ್ನು ಹೇಗೋ ಏರಿಸಿದಳು. ತೊಡೆಯ ಸರದಿ ಬಂದಾಗ ಸೋತಳು. ಜೀನಿನ ಎತ್ತರಕ್ಕೆ ಎತ್ತಬೇಕು, ಎತ್ತಿ ಒಂದು ಬದಿಗೆ ಕಟ್ಟಿದರೆ ಇನ್ನೊಂದು ಬದಿಯಲ್ಲಿ ಅಷ್ಟೇ ಭಾರವನ್ನು ಇನ್ನೊಬ್ಬರು ಹಿಡಿದಿರಬೇಕು, ಇಲ್ಲವಾದರೆ ಜೀನು ಹೊಟ್ಟೆಯಡಿಗೆ ಹೊರಳುತ್ತದೆ. ಮೊದಲ ಸಲ ಹಾಗೆಯೇ ಹೊರಳಿತು. ಎರಡನೆಯ ಸಲ ಹೇಸರಗತ್ತೆ ಪಕ್ಕಕ್ಕೆ ಸರಿದು, ತೊಡೆ ಅವಳ ಮೇಲೇ ಬಂತು. ಮೂಳೆ ಬಿಡಿಸಿ ಸಣ್ಣ ಗಂಟು ಮಾಡಬಹುದಿತ್ತು, ಅಷ್ಟು ಹೊತ್ತಿಗೆ ಬಿಸಿಲು ನೆಲಕ್ಕೆ ಬಂದಿರುತ್ತದೆ. ಕೆಸರಿನಲ್ಲಿ ಕೂತು, ಅರವತ್ತು ದಾಟಿದ ತನ್ನ ಕೈಗಳನ್ನು ನೋಡಿಕೊಂಡು, ನೆಡ್ರಾ ಅತ್ತಳು. ಆಯಾಸಕ್ಕೆ ಅತ್ತಳು, ಅಪ್ಪನಿಗೆ ಅತ್ತಳು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಬೆನ್ನು ತಿರುಗಿಸಿ ಕೂತವನಿಗೂ ಅತ್ತಳು.

ಆಮೇಲೆ ಎದ್ದು ಕೂಗಿದಳು. "ಎಲ್ಡನ್, ಬಾ."

ಬಂಡೆಯ ಮೇಲಿನ ಬೆನ್ನು ಕದಲಲಿಲ್ಲ.

"ನಾನೇ ಕರೀತಿದ್ದೀನಿ. ಬಾ."

ನೀರಿನಲ್ಲಿ ಬೂಟಿನ ಸದ್ದಾಯಿತು. ಅವನು ಬಂದವನು ಬಯಲಿನ ಕಡೆ ಕಣ್ಣೆತ್ತಲಿಲ್ಲ. ಜೀನು ಸರಿಪಡಿಸಿ, ಒಂದು ತೊಡೆಯ ಕೆಳಗೆ ಭುಜ ಕೊಟ್ಟ. ಅವಳು ಆಚೆ ಬದಿಗೆ ಹೋಗಿ ನಿಂತಳು. "ಹ್ಞಾಂ" ಎಂದ ಅವನು, "ಹ್ಞಾಂ" ಎಂದಳು ಅವಳು. ಹಳೆಯ ಅಭ್ಯಾಸ ಇಬ್ಬರೂ ಮರೆತಿರಲಿಲ್ಲ; ಭಾರ ಎರಡೂ ಕಡೆ ಒಟ್ಟಿಗೆ ಏರಿತು. ಅವನು ಗಂಟು ಹಾಕುವಾಗ ಅವಳು ಹಗ್ಗದ ತುದಿ ಒತ್ತಿ ಹಿಡಿದಳು. ಕವಲುಗೊಂಬನ್ನು ಮೇಲಿಟ್ಟು ಬಿಗಿದರು. ಹೊರಡುವಾಗ ಮಾತ್ರ ಅವನು ಒಮ್ಮೆ ಟೋಪಿ ತೆಗೆದು ದೇವದಾರು ಮರದ ಬುಡ ನೋಡಿದ. ನೋಡಿ, ಟೋಪಿ ಹಾಕಿಕೊಂಡು ನಡೆದ.

ತೊರೆಯ ಈಚೆ ದಡಕ್ಕೆ ಬಂದು ನೀರು ಕುಡಿಸುವಾಗ ನೆಡ್ರಾಳ ಎದೆ ಹಗುರಾಗಿತ್ತು. ಮಾಂಸ ಉಳಿಯಿತು. ಧಾರಾಳವಾಗಿ ಏನನ್ನಾದರೂ ಕೊಡಬೇಕು ಎನ್ನಿಸಿತು.

"ಅರ್ಧ ಮಾಂಸ ನಿನ್ನದು" ಎಂದಳು.

"ಸರಿ."

"ಇನ್ನೊಂದು. ಮುಂದಿನ ವರ್ಷದಿಂದ ನೀನೂ ಬಾ. ಬಯಲಿಗೇ ಬಾ. ಆ ರಸ್ತೆಯಂತೂ ಇನ್ನು ನಮ್ಮ ಕಾಲಕ್ಕೆ ಸರಿಹೋಗಲ್ಲ. ಹಳೇ ಮಾತು ಬಿಟ್ಟುಬಿಡೋಣ."

ಎಲ್ಡನ್ ಹೇಸರಗತ್ತೆಯ ಕೊರಳಪಟ್ಟಿ ಬಿಗಿಯುತ್ತಿದ್ದವನು ಕೈ ನಿಲ್ಲಿಸಿದ. "ಬೇಡ" ಎಂದ.

"ಯಾಕೆ? ಬೀಗೋದು ಬೇಡ ಈಗ."

"ಬೀಗ್ತಾ ಇಲ್ಲ." ಅವನು ಅವಳ ಕಡೆ ತಿರುಗಿದ. ಮುಖ ಸಣ್ಣದಾಗಿತ್ತು. "ನಿನಗೆ ಏನೇನು ಮಾತು ಕೊಟ್ಟೆನೋ ನನಗೇ ನೆನಪಿಲ್ಲ ನೆಡ್ರಾ. ಒಂದೂ ನಡೆಸಿಕೊಡ್ಲಿಲ್ಲ. ಗುರುವಾರ ಬರ್ತೀನಿ ಅಂದೆ ನಿಮ್ಮಪ್ಪನಿಗೆ. ಆಮೇಲೆ ಎಷ್ಟು ಬೇಟೆಕಾಲ ಈ ಕಲ್ಲಿನ ಹತ್ರ ಬಂದು ವಾಪಸು ಹೋಗಿದ್ದೀನೋ ಲೆಕ್ಕ ಇಲ್ಲ. ಆಚೆ ಎಲ್ಕ್ ಕೂಗೋದು ಕೇಳಿಸ್ತಿತ್ತು. ದಾಟಲಿಲ್ಲ. ಇವತ್ತು ದಾಟಿದ್ದು ನೀನೇ ಕರೆದೆ ಅಂತ. ಹುಟ್ಟಿದ ಮೇಲೆ ನಾನು ಉಳಿಸಿಕೊಂಡ ಮಾತು ಇದೊಂದೇ. ಇದನ್ನೂ ಬಿಡಿಸ್ಬೇಡ ನನ್ನಿಂದ."

ಅವಳು ಅವನಿಗೆ ಶಿಕ್ಷೆ ಎಂದು ಕೊಟ್ಟದ್ದನ್ನು ಅವನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದ. ಅದನ್ನು ತಾನು ಈಗ ಔದಾರ್ಯದ ಹೆಸರಲ್ಲಿ ಕಿತ್ತುಕೊಳ್ಳಲು ಹೊರಟಿದ್ದೆ ಎಂದು ತಿಳಿದಾಗ ನಾಚಿಕೆಯಾಯಿತು. ಅಪ್ಪನ ವಿಷಯದಲ್ಲಿ ಅವಳು ಅವನನ್ನು ಕ್ಷಮಿಸಿರಲಿಲ್ಲ, ಆ ಗಳಿಗೆಯಲ್ಲೂ ಕ್ಷಮಿಸಲಿಲ್ಲ. ಆದರೆ ತಪ್ಪು ಮಾಡಿದವನು ಅದನ್ನು ಮರೆತು ಹಾಯಾಗಿದ್ದಾನೆ ಎಂದುಕೊಂಡಿದ್ದಳಲ್ಲ, ಅದು ಸುಳ್ಳಾಗಿತ್ತು.

ಅವಳು ಕುದುರೆಯ ಲಗಾಮು ಕೈಗೆ ತೆಗೆದುಕೊಂಡಳು.

"ಸರಿ ಹಾಗಾದ್ರೆ. ತೊರೆ ದಾಟಬೇಡ" ಎಂದಳು. "ಮುಂದಿನ ವರ್ಷ ಇಲ್ಲೇ ಡೇರೆ ಹಾಕು. ಆದ್ರೆ ಇವತ್ತಿನ ಹಾಗೆ ನಾನು ಮೇಲಿಂದ ಕೂಗಿದ್ರೆ ಬರಬೇಕು."

"ಬರ್ತೀನಿ" ಎಂದ ಎಲ್ಡನ್.

ನೆಡ್ರಾ ಆ ಮಾತನ್ನು ನಂಬಿದಳು. ನಂಬಿದ್ದೇನೆ ಎಂದು ಅವನಿಗೆ ಹೇಳಲು ಹೋಗಲಿಲ್ಲ. ಕುದುರೆ ಹತ್ತದೆ, ಹೇಸರಗತ್ತೆಗಳ ಆಚೆ ಬದಿಯಲ್ಲಿ ಅವನ ಹೆಜ್ಜೆಗೆ ಹೆಜ್ಜೆ ಸೇರಿಸಿ, ಹುಲ್ಲು ಬೆಳೆದ ರಸ್ತೆಯಲ್ಲಿ ಕೊರಕಲಿನ ಕಡೆ ನಡೆದಳು.